ಸರಪಳಿಯಿಂದ ಡ್ರೋನ್ ತನಕ: ನಮ್ಮ ಹೊಲಾ ಅಳದ ಕತಿ

ಹೋದ ಮಂಗಳವಾರ ಮುಂಜಾನೆ ರೊಟ್ಟಿ ಬಡಿಲಿಕ್ಕೆ ಕೂತಿದ್ದೆ, ಮೈದುನನ ಫೋನ್ ಬಂತು. "ವೈನಿ, ನಾಳೆ ಸರ್ವೇದವ್ರು ಬರ್ತಾರ. ನೀವೂ ಅಣ್ಣನೂ ಬಂದು ನಿಂದರ್ರಿ. ನೀವು ಇಲ್ದ ನಾ ಕಲ್ಲು ಹುಗಸಂಗಿಲ್ಲ" ಅಂದ. "ಬರ್ತೀವಪಾ, ಚಾ ಅವಲಕ್ಕಿ ನಂದ" ಅಂತ ಹೇಳಿ ಫೋನ್ ಇಟ್ಟೆ. ಇಟ್ಟ ಮ್ಯಾಲೆ ಸ್ವಲ್ಪ ಹೊತ್ತು ಹಿಟ್ಟಿನ ಕೈ ಹಂಗ ಇಟಗೊಂಡು ಕೂತೆ. ಇದ ಜಾಗಾದ ಸಲುವಾಗಿ ನಮ್ಮ ಎರಡೂ ಮನಿಯವ್ರು ಎರಡು ವರ್ಷ ಮಾತು ಬಿಟ್ಟಿದ್ವಿ. ತಪ್ಪು ಅವರದಲ್ಲ, ನಮ್ದು. ಅದರಾಗೂ ಅರ್ಧಾ ನಂದ.

ಆ ಕತಿ ಹೇಳೂ ಮೊದಲು ನಮ್ಮ ಕಡೆ ಹೊಲಾ ಅಳದ ಇತಿಹಾಸ ಒಂದೀಟು ಹೇಳಬೇಕು. ಯಾಕಂದ್ರ ನಮ್ಮ ಜಗಳದ ಬೇರು 180 ವರ್ಷದ ಹಿಂದ ಅದ. ನಾನು ಪಿಯುಸಿ ತನಕ ಓದಿದಾಕಿ, ಸರ್ವೆ ಕಲತಾಕಿ ಅಲ್ಲ. ಆದ್ರ ಪೆಟ್ಟು ತಿಂದವರಿಗೆ ಕಲಿಯೂ ಹಟ ಬರ್ತದ ನೋಡ್ರಿ. ಹಂಗ ಓದಿ, ಕೇಳಿ ತಿಳಕೊಂಡದ್ದನ್ನ ಬರೀತೀನಿ.

ಹಳೇ ಕಾಲದಾಗ ಹೊಲಕ್ಕ ಒಂದ ಅಳತಿ ಅಂತ ಇದ್ದಿಲ್ಲ. ನಮ್ಮ ಕಡೆ ಶಾಸನಗಳೊಳಗ ದಾನಾ ಕೊಟ್ಟ ಭೂಮಿನ ಮತ್ತರು, ಕಮ್ಮ ಅಂತ ಲೆಕ್ಕಾ ಹಾಕ್ಯಾರ. ಯಾವ ಕೋಲಿನಿಂದ ಅಳದದ್ದು ಅನ್ನೂದನ್ನೂ ಎಷ್ಟೋ ಶಾಸನದಾಗ ಬರದಾರ, ಯಾಕಂದ್ರ ಒಂದು ಸೀಮಿ ಕೋಲು ಇನ್ನೊಂದು ಸೀಮಿಗೆ ಹೊಂದತಿದ್ದಿಲ್ಲ. ಅದರ ಮ್ಯಾಲೆ ಮೂಡಣಕ್ಕ ಹಳ್ಳ, ತೆಂಕಣಕ್ಕ ನಟ್ಟ ಕಲ್ಲು, ಪಡುವಣಕ್ಕ ಇಂಥಾ ಗಿಡ ಅಂತ ಗಡಿ ಹೇಳ್ಯಾರ. ಎರಿ ಸೀಮ್ಯಾಗ ಒಂದು ದಿವಸಕ್ಕ ಒಂದು ಕೂರಿಗಿ ಬಿತ್ತೂವಷ್ಟು ಹೊಲಕ್ಕ ಒಂದು ಕೂರಿಗಿ ಹೊಲ ಅಂತಿದ್ರು. ನಮ್ಮ ಅತ್ತಿಯವ್ರು ಕಡೀತನಕ ಎಕರೆ ಅನ್ನಲೇ ಇಲ್ಲ, "ನಮ್ದು ಅರ್ಧಾ ಕೂರಿಗಿ" ಅಂತನ ಅಂತಿದ್ರು.

1818ರಾಗ ಪೇಶವೆ ಆಳ್ವಿಕಿ ಮುಗದು ಧಾರವಾಡ ಸೀಮಿ ಕಂಪನಿ ಸರ್ಕಾರದ ಕೈಗೆ ಬಂತು, ಮುಂಬಯಿ ಇಲಾಖೆಕ್ಕ ಸೇರ್ತು. ಅವರಿಗೆ ಬೇಕಾದ್ದು ಕಂದಾಯ. ಮೊದಲು ಪುಣೆ ಸೀಮ್ಯಾಗ 1828ರ ಸುಮಾರಿಗೆ ಪ್ರಿಂಗಲ್ ಅನ್ನೂ ಅಧಿಕಾರಿ ಹೊಲ ಅಳದು, ಖರ್ಚು ಕಳದು ಉಳಿಯೂ ಬೆಳಿ ಮ್ಯಾಲೆ ನೂರಕ್ಕ 55ರ ಪ್ರಕಾರ ಕಂದಾಯ ಕಟ್ಟಿದ. ಕಾಗದದ ಮ್ಯಾಲೆ ಛೊಲೋ ಇತ್ತು. ಆದ್ರ ಅಳದವ್ರು ಲಂಚ ತಿಂದ್ರು, ಲೆಕ್ಕ ತಪ್ಪಿತು, ಕಂದಾಯ ಭಾರ ಆತು. ರೈತರು ಹೊಲಾ ಬೀಳು ಬಿಟ್ಟು ಊರಾ ಬಿಟ್ಟರು. ಕೆಟ್ಟ ಸರ್ವೆ ಊರಿಗೆ ಊರನ್ನ ಖಾಲಿ ಮಾಡಿಸ್ತದ ಅಂತ ಅವಾಗನ ಗೊತ್ತಾತು.

ಅದನ್ನ ತಿದ್ದಲಿಕ್ಕೆ 1835ರಾಗ ಗೋಲ್ಡ್‌ಸ್ಮಿಡ್ ಮತ್ತ ವಿಂಗೇಟ್ ಅನ್ನೂ ಇಬ್ಬರು ಪುಣೆ ಹತ್ರ ಇಂದಾಪುರ ತಾಲೂಕಿನಾಗ ಹೊಸಾ ರೀತಿ ಸುರು ಮಾಡಿದ್ರು. 1840ರ ದಶಕದಾಗ ಅದು ನಮ್ಮ ಧಾರವಾಡ ಕಡೆ ಬಂತು. 1847ರಾಗ ಇವರಿಬ್ಬರು, ಜೋಡಿಗೆ ಡೇವಿಡ್‌ಸನ್ ಅನ್ನಾಂವ, ಮೂರೂ ಮಂದಿ ಕೂಡಿ ಒಂದು ವರದಿ ಬರದು ನಿಯಮ ಗಟ್ಟಿ ಮಾಡಿದ್ರು. ಇದಕ್ಕ ಮುಂಬಯಿ ಪದ್ಧತಿ ಅಂತ ಹೆಸರಾತು. ಮೈಸೂರು ಸೀಮಿಗೂ 1863ರಿಂದ ಇದ ಪದ್ಧತಿ ಹೋತು. ಇವತ್ತು ನಾವು ಉತಾರದಾಗ ನೋಡೂ ಸರ್ವೆ ನಂಬರು ಹುಟ್ಟಿದ್ದು ಇಲ್ಲಿಂದನ.

ಹೆಂಗ ಅಳೀತಿದ್ರು ಅಂದ್ರ, 33 ಫೂಟಿನ ಕಬ್ಬಿಣದ ಸರಪಳಿ. ಅದರಾಗ 16 ಭಾಗ, ಒಂದೊಂದಕ್ಕ ಒಂದು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದ್ರ ಒಂದು ಗುಂಟೆ, ಅಂದ್ರ 33 ಗುಣಿಸಲೆ 33, 1089 ಚದರ ಫೂಟು. ಇಂಥಾ 40 ಗುಂಟೆ ಆದ್ರ ಒಂದು ಎಕರೆ. ಈಗ ನಾವು 30-40 ಸೈಟು ಅಂತೀವಲ್ಲ, ಅದು 1200 ಚದರ ಫೂಟು, ಒಂದು ಗುಂಟೆಗಿಂತ 111 ಫೂಟು ಹೆಚ್ಚು. ಕಾಟಕೋನ ಹಿಡಿಲಿಕ್ಕೆ ಕ್ರಾಸ್ ಸ್ಟಾಫ್ ಅನ್ನೂ ಕೋಲು ಇಟ್ಟು, ಹೊಲನ ತ್ರಿಕೋನ, ಚೌಕ ಮಾಡಿ ಅಳದು ಟಿಪ್ಪಣಿಯೊಳಗ ಬರೀತಿದ್ರು. ಮೂಲಿ ಮೂಲಿಗೆ ಬಾಂದ ಕಲ್ಲು ಹುಗೀತಿದ್ರು.

ಒಂದು ಸರ್ವೆ ನಂಬರು ಎಷ್ಟು ದೊಡ್ಡದಿರಬೇಕು? ಒಂದು ಜೋಡಿ ಎತ್ತು ಸಾಗೂವಷ್ಟು. ಹಗರ ಭೂಮಿ ಇದ್ರ 20 ಎಕರೆ, ನಡುತರದ್ದು 15, ಘಟ್ಟಿ ಭೂಮಿ 12, ಭತ್ತದ ಗದ್ದಿ ಇದ್ರ 4 ಎಕರೆ ಅಂತ ಹಿಡದಿದ್ರು. ಇದರಕಿಂತ ಸಣ್ಣ ಹೊಲ ಇದ್ರ ಎರಡು ಮೂರು ಮನಿಯವರದ್ದು ಕೂಡಿಸಿ ಒಂದ ನಂಬರು ಕೊಡ್ತಿದ್ರು. ಒಳಗ ಯಾರ ಹಿಸ್ಸಾ ಎಲ್ಲಿತನಕ ಅನ್ನೂದನ್ನ ಅಳೀತಿದ್ದಿಲ್ಲ, ಕಂದಾಯ ಒಬ್ಬರು ಕಟ್ಟಿದ್ರ ಸಾಕಿತ್ತು. ಹಕ್ಕಿನ ದಾಖಲಿ ಇಡೂ ಕಾಯ್ದೆ ಮುಂಬಯಿ ಇಲಾಖೆದಾಗ ಬಂದದ್ದು 1903ರಾಗ, ಹಿಸ್ಸಾ ಅಳಿಯೂದು ಅದರ ಮುಂದ ಸುರು ಆತು. ಅಂದ್ರ ಐವತ್ತು ಅರವತ್ತು ವರ್ಷ "ಇದು ಯಾರದು" ಅನ್ನೂ ಪ್ರಶ್ನೆಕ್ಕ ಸರ್ವೇದಾಗ ಪೂರಾ ಉತ್ತರ ಇದ್ದಿಲ್ಲ. ಅವರು ಕೇಳಿದ ಪ್ರಶ್ನೆನ ಬ್ಯಾರೆ: "ಇದಕ್ಕ ಕಂದಾಯ ಎಷ್ಟು?"

ಕಂದಾಯಕ್ಕ ಇನ್ನೊಂದು ಬೇಕು, ಮಣ್ಣು. ಹೊಲದಾಗ ಅಲ್ಲಲ್ಲೆ ತಗ್ಗು ತಗದು ಮಣ್ಣಿನ ಬಣ್ಣ, ಆಳ ನೋಡಿ ಒಂಬತ್ತು ತರಗತಿ ಮಾಡಿದ್ರು. ಎಲ್ಲಾಕಿಂತ ಛೊಲೋದಕ್ಕ 16 ಆಣೆ, ಆಮ್ಯಾಲೆ 14, 12, ಹಿಂಗ ಇಳಕೋತ ಕಡೀಕ 2 ಆಣೆ. ಒಂದೂ ಮುಕ್ಕಾಲು ಮೊಳ ಆಳದ ಕರೀ ಎರಿ ಇದ್ರ 16 ಆಣೆ. ಸುಣ್ಣದ ಹರಳು, ಉಸುಕು, ಇಳಿಜಾರು, ನೀರು ನಿಂದರೂದು, ಇಂಥಾ ದೋಷ ಇದ್ರ ತರಗತಿ ಇಳಿಸ್ತಿದ್ರು. ಹಿಂಗ ಕಟ್ಟಿದ ಕಂದಾಯನ 30 ವರ್ಷ ಏರಸಂಗಿಲ್ಲ ಅಂತ ಮಾತು ಕೊಟ್ಟರು. ರೈತಗ ಧೈರ್ಯ ಬಂತು, ಬೀಳು ಬಿದ್ದ ಹೊಲ ಮತ್ತ ಸಾಗುವಳಿ ಆದ್ವು.

ನಮ್ಮ ಮಾವನವರಿಗೆ ಇದರದ ದೊಡ್ಡ ಹೆಮ್ಮಿ. "ನಮ್ದು ಹದಿನಾರಾಣೆ ಹೊಲ" ಅಂತ ಬಂದವರಿಗೆಲ್ಲಾ ಹೇಳ್ತಿದ್ರು. ಖರೇನ ಇತ್ತು. ಹುಬ್ಬಳ್ಳಿ ಪೂರ್ವಕ್ಕ ನವಲಗುಂದ ಕಡೆ ಹೋಗೂ ದಾರಿ ಸೀಮಿ, ಕರೀ ಎರಿ. ಹತ್ತಿ, ಜೋಳ, ಕಡ್ಲಿ ಬಂಗಾರದಂಗ ಬರ್ತಿದ್ವು. ಊರು ಬೆಳದು ಹೊಲದ ಹತ್ರ ಬಂದಾಗ ಅವರು ಅರ್ಧಾ ಎಕರೆ ಎನ್.ಎ. ಮಾಡಿಸಿ ಇಬ್ಬರು ಮಕ್ಕಳಿಗೂ ಹತ್ತ ಹತ್ತ ಗುಂಟೆ ವಾಟ್ನಿ ಮಾಡಿಕೊಟ್ರು. ಪೂರ್ವದ್ದು ನಮಗ, ಪಶ್ಚಿಮದ್ದು ಮೈದುನಗ. "ಬೇವಿನ ಗಿಡ ನಡುವ ಅದ, ಅದ ನಿಮ್ಮ ಗಡಿ" ಅಂದ್ರು.

ನಾವು ಮನಿ ಕಟ್ಟಲಿಕ್ಕೆ ನಿಂತಾಗ ನಮ್ಮನಿಯವ್ರು, "ಒಮ್ಮೆ ಹದ್ದುಬಸ್ತ ಮಾಡಿಸೋಣ" ಅಂದಿದ್ರು. ಹದ್ದುಬಸ್ತ ಅಂದ್ರ ಸರ್ಕಾರಿ ಭೂಮಾಪಕರನ್ನ ಕರಸಿ ಗಡಿ ಗುರ್ತಿಸೂದು. "ಅಣ್ಣ ತಮ್ಮರ ನಡುವ ಎದರ ಮೋಜಣಿ? ಆ ರೊಕ್ಕದಾಗ ಎರಡು ಖಿಡಕಿ ಬರ್ತಾವ" ಅಂತ ನಾನ ಅಂದೆ. ಟೇಪಿನ ಒಂದು ತುದಿ ನಾ ಹಿಡದೆ, ಒಂದು ತುದಿ ಅವರು. ಪೂರ್ವದ ಬದುವಿನಿಂದ 99 ಫೂಟು ಅಳದು, ಗಿಡದ ಹತ್ರ 110 ಫೂಟು ಉದ್ದ ಕಾಂಪೌಂಡ್ ಗ್ವಾಡಿ ಕಟ್ಟಿಸಿದ್ವಿ. 99 ಗುಣಿಸಲೆ 110, ಬರೋಬ್ಬರಿ ಹತ್ತು ಗುಂಟೆ. ಲೆಕ್ಕ ತಪ್ಪಿದ್ದಿಲ್ಲ. ತಪ್ಪಿದ್ದು ಸುರು ಮಾಡಿದ ಜಾಗಾ.

ಮುಂದ ಮೂರು ವರ್ಷಕ್ಕ ಮೈದುನ ಬ್ಯಾಂಕಿನ ಸಾಲಕ್ಕ ಅಂತ ಮೋಜಣಿ ಮಾಡಿಸಿದ. ಭೂಮಾಪಕರು ಹಳೇ ಟಿಪ್ಪಣಿ ಹಿಡಕೊಂಡು ಬಂದು, ಬದುವು ಬಿಟ್ಟು ಪೂರ್ವದವರ ಹೊಲದಾಗ ಅಗಿ ಅಂದ್ರು. ಒಂದು ಫೂಟು ಮಣ್ಣಿನ ಕೆಳಗ ಬಾಂದ ಕಲ್ಲು ಸಿಕ್ತು. ನಮ್ಮ ಬದುವಿಗೂ ಆ ಕಲ್ಲಿಗೂ ಐದು ಫೂಟು ಅಂತರ! ವರ್ಷಾ ವರ್ಷಾ ನೇಗಿಲದ ತುದಿಗೆ ಬದುವು ಒಂದೊಂದು ಬೆರಳು ಸರದು ನಮ್ಮ ಕಡೆ ಬಂದಿತ್ತು. ನಾವು ಸರದ ಬದುವಿನಿಂದ ಅಳದ್ವಿ, ಅದಕ್ಕ ನಮ್ಮ ಗ್ವಾಡಿ ಐದು ಫೂಟು ಮೈದುನನ ಜಾಗಾದಾಗ ಹೋಗಿ ನಿಂತಿತ್ತು. ಐದು ಗುಣಿಸಲೆ 110 ಅಂದ್ರ 550 ಚದರ ಫೂಟು, ಅರ್ಧಾ ಗುಂಟೆ.

"ನಮ್ಮದನ್ನ ನುಂಗಲಿಕ್ಕೆ ಬೇಕಂತನ ಮಾಡ್ಯಾರ" ಅಂತ ನೆಗೆಣ್ಣಿ ಅಂದ್ಲು. "ಅತ್ತಿ ಮಾವನ ನೋಡಿಕೊಂಡವರು ನಾವು, ಅರ್ಧಾ ಗುಂಟೆಕ್ಕ ಇಷ್ಟಾ?" ಅಂತ ನಾ ಅಂದೆ. ಅನ್ನಬಾರದಿತ್ತು. ಎರಡು ವರ್ಷ ಒಂದ ಬಾವಿ ನೀರು ಕುಡದ್ವಿ, ಮಾತಾಡಲಿಲ್ಲ. ಅತ್ತಿಯವರ ವರ್ಷಾಂತಿಕಕ್ಕ ಎರಡು ಮನ್ಯಾಗ ಎರಡು ಅಡಗಿ ಆತು. ಕಡೀಕ ನಮ್ಮನಿಯವ್ರು ಒಂದು ದಿವಸ ಯಾರಿಗೂ ಹೇಳದ ಗೌಂಡಿನ್ನ ಕರಕೊಂಡು ಬಂದು ಗ್ವಾಡಿ ಬಿಚ್ಚಿಸಿದ್ರು. ಪೂರ್ವದ ಹೊಲದವ್ರು ಸುಗ್ಗಿ ಮುಗದ ಮ್ಯಾಲೆ ನಮ್ಮ ಐದು ಫೂಟು ಬಿಟ್ಟುಕೊಟ್ರು. ಅವರಿಗೂ ಗೊತ್ತಿದ್ದಿಲ್ಲ, ಅವರ ಅಜ್ಜನ ಕಾಲದಿಂದ ಸರದ ಬದುವು ಅದು.

ಅದ ಹೊತ್ತಿಗೆ ಇನ್ನೊಂದು ಬಂತು. ಮನಿ ಗ್ವಾಡಿ ಬಿರಕ ಬಿಟ್ವು. ಖಿಡಕಿ ಮೂಲಿಯಿಂದ ಅಡ್ಡಡ್ಡ ಸೀಳು, ಬ್ಯಾಸಗ್ಯಾಗ ಬೆರಳು ಹೋಗೂವಷ್ಟು ಅಗಲ, ಮಳಿಗಾಲದಾಗ ಮತ್ತ ಕೂಡತಿದ್ವು. ಕರದು ತೋರಿಸಿದ್ರ ಎಂಜಿನಿಯರು ಕೇಳಿದ್ದು ಒಂದ ಮಾತು: "ಪಾಯಾ ಎಷ್ಟು ತಗದ್ರಿ?" ಮೂರು ಫೂಟು ತಗದಿದ್ವಿ. ಎರಿ ಮಣ್ಣು ನೀರು ಕುಡದ್ರ ಉಬ್ಬತದ, ಒಣಗಿದ್ರ ಕುಗ್ಗತದ. ಮ್ಯಾಲಿನ ಮನಿನ ವರ್ಷಾ ಎತ್ತಿ ಇಳಿಸ್ತದ. ಅದನ್ನ ದಾಟಿ ಕೆಳಗಿನ ಗರಸಿಗೆ ಪಾಯಾ ಮುಟ್ಟಬೇಕು, ಇಲ್ಲಂದ್ರ ಅದಕ್ಕಂತ ಇರೂ ಪೈಲ್ ಹಾಕಿ ಬೀಮ್ ಕಟ್ಟಬೇಕು.

ಅವಾಗ ನನಗ ಮಾವನವರ ಮಾತು ನೆನಪಾತು, ಹದಿನಾರಾಣೆ ಹೊಲ. ಬೆಳಿಗೆ ಹದಿನಾರಾಣೆ, ಮನಿಗೆ ಎರಡಾಣೆ! 1840ರ ದಶಕದ ಆ ಮನಶ್ಯಾ ತಗ್ಗು ತಗದು ನೋಡಿದ್ದ ಖರೆ. ಆದ್ರ ಒಂದೂ ಮುಕ್ಕಾಲು ಮೊಳ, ಅಂದ್ರ ಹತ್ತಹತ್ರ ಎರಡೂವರಿ ಫೂಟು ಕರೀ ಮಣ್ಣು ಸಿಕ್ಕ ಮ್ಯಾಲೆ ಅವನ ಕೆಲಸ ಮುಗೀತು. ಅದರ ಕೆಳಗ ಏನದ ಅಂತ ನೋಡಿದ್ರ ಕಂದಾಯ ಹೆಚ್ಚಾಗತಿದ್ದಿಲ್ಲ, ಅದಕ್ಕ ನೋಡಲಿಲ್ಲ. ಅವನ ತಪ್ಪಲ್ಲ. ಅವಗ ಯಾರೂ ಮನಿ ಬಗ್ಗೆ ಕೇಳಿದ್ದಿಲ್ಲ.

ಇದ ನಾ ಕಲತ ಪಾಠ. ಸರ್ವೆ ಅಂದ್ರ ಒಂದು ಪ್ರಶ್ನೆಗೆ ಉತ್ತರ. ಬ್ಯಾರೆ ಪ್ರಶ್ನೆಗೆ ಅದ ಉತ್ತರ ಹಚ್ಚಬಾರದು. ಹಾಲು ಅಳಿಯೂ ಲೀಟರಿನಿಂದ ಯಾರರ ಕೇಸರಿ ಅಳೀತಾರೇನು? ಆ ಸರಪಳಿಯ ಒಂದು ಆಣೆನ ಎರಡು ಫೂಟಿನ ಮ್ಯಾಲೆ ಮುಕ್ಕಾಲು ಇಂಚು. 12 ಎಕರೆ ಹೊಲದ ಕಂದಾಯಕ್ಕ ಒಂದು ಆಣೆ ಆಕಡೆ ಈಕಡೆ ಆದ್ರ ಏನಾಗ್ತದ? 30-40 ಸೈಟಿನಾಗ ಎರಡು ಫೂಟು ಹೋದ್ರ ಬಚ್ಚಲಮನಿ ಹೋಗ್ತದ.

ಬ್ಯಾರೆ ಪ್ರಶ್ನೆ ಕೇಳಿದ ಸರ್ವೆನೂ ಅವಾಗನ ಇದ್ವು. ಟಿಪ್ಪು ಸುಲ್ತಾನ ತೀರಿಕೊಂಡ ಮ್ಯಾಲೆ ಕಾಲಿನ್ ಮೆಕೆಂಝಿ ಮೈಸೂರು ಸೀಮಿ ನಕಾಶಾ ಮಾಡಿದ. ವಿಲಿಯಮ್ ಲ್ಯಾಂಬ್ಟನ್ 1800ರಾಗ ಬೆಂಗಳೂರು ಹತ್ರ ಸರಪಳಿ ಎಳದು ಒಂದು ಆಧಾರ ರೇಖೆ ಅಳದ, 1802ರಾಗ ಮದ್ರಾಸಿನಿಂದ ದೊಡ್ಡ ತ್ರಿಕೋನಮಿತಿ ಸರ್ವೆ ಸುರು ಮಾಡಿದ. ಅರ್ಧಾ ಟನ್ ತೂಕದ ಥಿಯೋಡೊಲೈಟ್ ಹೊತ್ತುಕೊಂಡು ಗುಡ್ಡ, ಗುಡಿ ಗೋಪುರ ಹತ್ತಿದ್ರು. ಅವನ ಪ್ರಶ್ನೆ, ಈ ಭೂಮಿ ಆಕಾರ ಎಂಥಾದ್ದು, ಊರಿಂದ ಊರಿಗೆ ಖರೇ ದೂರ ಎಷ್ಟು. ಅವನ ನಕಾಶಾದಾಗ ನಮ್ಮ ಹೊಲದ ಬದುವು ಹುಡುಕಿದ್ರ ಸಿಗೂದಿಲ್ಲ.

ಹಂಗ ಊರಾಗಿನ ಮನಿ ಜಾಗಾನೂ. ಗಾವಠಾಣದಾಗ ಬೆಳಿ ಇಲ್ಲ, ಹೊಲದ ಕಂದಾಯ ಇಲ್ಲ, ಅದಕ್ಕ ಹಳೇ ಸರ್ವೇದಾಗ ಹಳ್ಳಿಯೊಳಗಿನ ಮನಿ ಮನಿ ಅಳೀಲೇ ಇಲ್ಲ. ಎಷ್ಟೋ ಮಂದಿಗೆ ಅಜ್ಜ ಮುತ್ತಜ್ಜನ ಮನ್ಯಾಗ ಇದ್ರೂ ನಕಾಶಾ ಇದ್ದಿಲ್ಲ. ಅದನ್ನ ತುಂಬಲಿಕ್ಕೆ ಈಗ 2020ರಿಂದ ಸ್ವಾಮಿತ್ವ ಯೋಜನೆದಾಗ ಡ್ರೋನ್ ಹಾರಿಸಿ ಅಳೀಲಿಕ್ಕೆ ಹತ್ಯಾರ. ಪ್ಯಾಟಿ ಒಳಗ ಸಿಟಿ ಸರ್ವೆ ಆದಲ್ಲೆ ಸಿ.ಟಿ.ಎಸ್. ನಂಬರು ಇರ್ತದ. ಮತ್ತ 2000ದ ಆಸುಪಾಸಿನಾಗ ಭೂಮಿ ಯೋಜನೆದಾಗ ಉತಾರ ಕಂಪ್ಯೂಟರಿಗೆ ಬಂದ್ವಲ್ಲ, ಅದು ಹಳೇ ಅಂಕಿನ ನಕಲು ಇಳಿಸಿದ್ದು, ಹೊಲ ಹೊಸದಾಗಿ ಅಳದದ್ದಲ್ಲ. ಕಂಪ್ಯೂಟರ ಕಾಗದ ಅಂದ ಕೂಡಲೇ ಗಡಿ ಬರೋಬ್ಬರಿ ಅದ ಅಂತ ತಿಳಕೊಬ್ಯಾಡ್ರಿ.

ಹಂಗಾದ್ರ ಮನಿ ಕಟ್ಟಾವ್ರು, ಸೈಟು ತಗೊಳ್ಳಾವ್ರು ಯಾವ ಸರ್ವೆ ಮಾಡಿಸಬೇಕು? ಪ್ರಶ್ನೆ ಪ್ರಕಾರ ಹೇಳ್ತೀನಿ.

"ನಂದು ಎಲ್ಲಿತನಕ?" ಅಂದ್ರ ಹದ್ದುಬಸ್ತ. ಬದುವು, ಬೇಲಿ, ಗಿಡ, ರಸ್ತೆ ಅಂಚು ಇವು ಯಾವೂ ಗಡಿ ಅಲ್ಲ. ಕಲ್ಲು, ಟಿಪ್ಪಣಿ ಎರಡೂ ಕೂಡಿದ್ರ ಗಡಿ. ಸುತ್ತಲಿನ ಹೊಲದವರನ್ನೂ ಕರದು ಅವರ ಮುಂದ ಅಳಸ್ರಿ.

"ಒಂದು ನಂಬರಿನಾಗ ಒಂದು ತುಂಡು ಮಾರ್ತೀವಿ, ವಾಟ್ನಿ ಮಾಡ್ತೀವಿ" ಅಂದ್ರ ಮೊದಲು 11ಇ ನಕಾಶಾ, ಆಮ್ಯಾಲೆ ನೋಂದಣಿ, ಪೋಡಿ. ಅವಾಗ ಆ ತುಂಡಿಗೆ ತನ್ನದ ನಂಬರು, ತನ್ನದ ನಕಾಶಾ ಬರ್ತದ. ಇಲ್ಲೆ ಖರಾಬು ಎಷ್ಟದ ಅಂತನೂ ನೋಡ್ರಿ. ಬ ಖರಾಬು ಅಂದ್ರ ದಾರಿ, ಹಳ್ಳ ಇಂಥಾ ಸಾರ್ವಜನಿಕರ ಜಾಗಾ. ಅದನ್ನ ಸೈಟಿನಾಗ ಸೇರಿಸಿ ಮಾರಿದ್ರೂ ಅದು ನಿಮ್ಮದಾಗೂದಿಲ್ಲ.

"ನೀರು ಎಲ್ಲಿ ಹರೀತದ?" ಅಂದ್ರ ಲೆವೆಲ್ ಸರ್ವೆ. ಲೇಔಟ್ ಮಾಡಾವ್ರು ಜಾಗಾದ ಏರು ತಗ್ಗು ಅಳದು, ಒಂದ ಎತ್ತರ ಇದ್ದಲ್ಲೆಲ್ಲಾ ಗೆರಿ ಕೂಡಿಸಿ ಕಾಂಟೂರ್ ನಕಾಶಾ ಮಾಡಸ್ತಾರ. ಗಟಾರ, ರಸ್ತೆ, ಮನಿ ಕಟ್ಟಿ ಎಷ್ಟು ಎತ್ತರ ಅನ್ನೂದು ಅದರ ಮ್ಯಾಲೆ. ಸೈಟು ತೋರಿಸಾವರಿಗೆ ಆ ನಕಾಶಾ ಕೇಳ್ರಿ, ಆಗಲಿಲ್ಲಂದ್ರ ದೊಡ್ಡ ಮಳಿ ಬಂದ ಮರುದಿನ ಹೋಗಿ ಸೈಟು ನೋಡ್ರಿ.

"ಮಣ್ಣು ಹೊರ್ತದೇನು?" ಅಂದ್ರ ಮಣ್ಣಿನ ಪರೀಕ್ಷಾ. ನಮ್ಮ ಎರಿ ಸೀಮಿಯವ್ರಂತೂ ಇದನ್ನ ಬಿಡಲೇಬಾರದು.

"ಗ್ವಾಡಿ ಎಲ್ಲಿ ಬರಬೇಕು?" ಅಂದ್ರ ಪಾಯಾ ತಗಿಯೂ ಮೊದಲು ಮಾರ್ಕಿಂಗ್. ದೊಡ್ಡ ಕಟ್ಟಡಕ್ಕ ಟೋಟಲ್ ಸ್ಟೇಷನ್ ಇಟ್ಟು ಮಾಡ್ತಾರ. ನಮ್ಮಂಥವರ ಮನಿಗೆ ಗೌಂಡಿ ದಾರ ಕಟ್ಟತಾನ. ಅದನ್ನ ನೀವ ಪರೀಕ್ಷಾ ಮಾಡಬಹುದು. 30-40 ಸೈಟಿನ ಈ ಮೂಲಿಯಿಂದ ಎದುರು ಮೂಲಿಗೆ ಟೇಪು ಹಿಡೀರಿ, ಬರೋಬ್ಬರಿ 50 ಫೂಟು ಬರಬೇಕು, ಎರಡೂ ಕಡೆ. ಬರಲಿಲ್ಲಂದ್ರ ಮೂಲಿ ಕಾಟಕೋನ ಇಲ್ಲಂತ ಅರ್ಥ.

ಬುಧವಾರ ಬಿಸಲು ಏರೂ ಮೊದಲ ನಾವಿಬ್ಬರೂ ಹೋದ್ವಿ. ಬಂದಾಂವ ನನ್ನ ಮಗನ ವಯಸ್ಸಿನ ಹುಡುಗ. ಸರಪಳಿ ಇಲ್ಲ, ಒಂದು ಕೋಲಿನ ಮ್ಯಾಲೆ ಡಬ್ಬಿ ಹಂಗಿರೂ ರೋವರ್, ಕೈಯಾಗ ಒಂದು ಟ್ಯಾಬ್. ಆದ್ರೂ ಮೊದಲು ಹೋಗಿ ನಿಂತದ್ದು ಆ ಹಳೇ ಬಾಂದ ಕಲ್ಲಿನ ಮ್ಯಾಲನ. ಅಲ್ಲಿಂದ ಅಳಕೋತ ಬಂದು ನಡುವಿನ ಗಡಿಗೆ ಮೂರು ಕಲ್ಲು ಹುಗಸಿದ. ಮೈದುನ ಒಂದು ಹಾರಿ, ನಮ್ಮನಿಯವ್ರು ಒಂದು ಹಾರಿ ಹಿಡದು ತಗ್ಗು ತಗದ್ರು. ಆಕಡೆ ಜೆಸಿಬಿ ಮಣ್ಣಿನ ಪರೀಕ್ಷಾಕ್ಕ ತಗ್ಗು ತಗೀಲಿಕ್ಕೆ ಹತ್ತಿತ್ತು. ಏಳು ಫೂಟಿಗೆ ಗರಸು ಸಿಕ್ತು. ನೆಗೆಣ್ಣಿ ತಗ್ಗಿನಾಗ ಇಣಕಿ ನೋಡಿ, "ಅಕ್ಕಾ, ನಿಮ್ಮನ್ಯಾಗೂ ಇಷ್ಟ ಆಳ ಇದ್ದೀತಲ್ಲ?" ಅಂದ್ಲು. "ಇದ್ದೀತವ್ವಾ, ನಾವು ನೋಡಲಿಲ್ಲ" ಅಂದೆ.

ಬೇವಿನ ಗಿಡ ಗಡಿಯಿಂದ ನಾಲ್ಕು ಫೂಟು ಮೈದುನನ ಕಡೆ ಬಂತು. ಕಡೀರಿ ಅಂತ ಯಾರೋ ಅಂದ್ರು. "ಇರಲಿ ಬಿಡ್ರಿ, ಮಧ್ಯಾಹ್ನದ ಮ್ಯಾಲೆ ನೆರಳು ವೈನಿ ಅಂಗಳಕ್ಕ ಬೀಳ್ತದ" ಅಂದ ಮೈದುನ. ನಾ ಏನೂ ಅನ್ನಲಿಲ್ಲ. ಎಲ್ಲಾರಿಗೂ ಇನ್ನೊಂದೊಂದು ಬಟ್ಟಲಾ ಚಾ ಹಾಕಿದೆ.

ನಿಮ್ಮ ಮನ್ಯಾಗೂ ವಾಟ್ನಿ ಮಾತು ನಡದಿದ್ರ, ಮಕ್ಕಳು ಸೈಟು ನೋಡ್ಲಿಕ್ಕೆ ಹತ್ತಿದ್ರ, ಮೊದಲು ಅಳಸ್ರಿ. ನಂಬಿಗಿ ಇಲ್ಲಂತ ಅಳಸೂದಲ್ಲ, ನಂಬಿಗಿ ಉಳೀಲಿ ಅಂತ ಅಳಸೂದು. ಆ ಎರಡು ಖಿಡಕಿ ರೊಕ್ಕ ಉಳಿಸಲಿಕ್ಕೆ ಹೋಗಿ ನಾ 110 ಫೂಟು ಗ್ವಾಡಿ, ಎರಡು ವರ್ಷದ ಹಬ್ಬಾ ಹುಣ್ಣಿವಿ ಕಳಕೊಂಡೆ.